ನೀರುಪಾಲು

ಮಿನಾ ಅಲ್ ಫಹಲ್, ಆರನೇ ಮಹಡಿ, ಬೆಳಗಿನ ಎಂಟೂವರೆ.
ಕಿಟಕಿಯಾಚೆ ಬೂಯಿಗೆ ಕಟ್ಟಿದ ಟ್ಯಾಂಕರೊಂದು
ಸದ್ದಿಲ್ಲದೆ ಕುಡಿಯುತ್ತಿದೆ.
ಹೊಟ್ಟೆಯ ಕೆಂಪು ಬಣ್ಣ ಇನ್ನೂ ನೀರಿನ ಮೇಲೇ ಇದೆ.

ಒಳಗೆ ನನ್ನ ಸ್ಲೈಡು, ಸಂಖ್ಯೆ ಹದಿನಾಲ್ಕು:
ಬ್ಯಾರಲ್ಲಿಗೆ ಎಪ್ಪತ್ತೆರಡು ಡಾಲರ್ ಎಂದು ಹಿಡಿದರೆ
ಉಳಿಯುವ ನಗದು ಇಷ್ಟು,
ಇದರಲ್ಲಿ ಯಾರಿಗೆ ಎಷ್ಟು.
ಮೂರು ರಾತ್ರಿ ಇದನ್ನೇ ತೂಗಿದ್ದೇನೆ,
ಸಂತೆಯಲ್ಲಿ ತಕ್ಕಡಿಗೆ ಹೆಬ್ಬೆರಳು ತಾಗಿಸುವವನ ಹಾಗೆ.

ಲಾಭಾಂಶ, ಒಮ್ಮೆ ಏರಿಸಿದ ಮೇಲೆ ಇಳಿಸುವಂತಿಲ್ಲ.
ನೆಂಟರಿಗೆ ಹೋದ ಸಲ ತುಪ್ಪ ಬಡಿಸಿ
ಈ ಸಲ ಎಣ್ಣೆ ಬಡಿಸಲಾದೀತೆ?

ಸಾಲ ಮಾತಾಡುವುದಿಲ್ಲ.
ಕೊಟ್ಟವ ಕೋಡಂಗಿ ಅನ್ನುವ ನಮ್ಮ ಗಾದೆ ಇಲ್ಲಿ ತಿರುಗುಮುರುಗು:
ಅಕ್ಟೋಬರ್ ಹದಿನೈದಕ್ಕೆ ಬಾಂಡು ಹಿಡಿದು
ಕೊಟ್ಟವನೇ ಈರಭದ್ರನಾಗಿ ಬರುತ್ತಾನೆ.
ತೀರಿಸಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ,
ತೀರಿಸದಿದ್ದರೆ ರೇಟಿಂಗಿನ ಒಂದು ಅಕ್ಷರ ಉದುರುತ್ತದೆ.

ಇನ್ನು ಬೈಬ್ಯಾಕ್. ನಮ್ಮ ಷೇರನ್ನು ನಾವೇ ಕೊಂಡು
ಇಲ್ಲವಾಗಿಸುವುದು.
ಪರದೆಯ ಮೇಲೆ ಲಂಡನ್ನಿನ ಮುಖವೊಂದು ಅದನ್ನೇ ಕೇಳುತ್ತದೆ,
ಮತ್ತೆ ಮತ್ತೆ, ಬಹಳ ವಿನಯದಿಂದ.

ದಾದ್ ಕರೀಮ್ ಕಾಫಿ ಸುರಿಯುತ್ತ ಬರುತ್ತಾನೆ,
ಎಡಗೈಯಲ್ಲಿ ದಲ್ಲಾ, ಬಲಗೈಯಲ್ಲಿ ಒಂದರೊಳಗೊಂದು ಬಟ್ಟಲು.
ಎರಡು ಗುಟುಕು, ಏಲಕ್ಕಿಯ ಘಮ.
ಸಾಕಾದವರು ಬಟ್ಟಲನ್ನು ಮೆಲ್ಲಗೆ ಅಲುಗಿಸಬೇಕು,
ಇಲ್ಲವಾದರೆ ಅವನು ಸುರಿಯುತ್ತಲೇ ಇರುತ್ತಾನೆ.
ಅಧ್ಯಕ್ಷರು ಅಲುಗಿಸಿದರು.
ಹಣಕಾಸಿನ ಜುವೈನಾ ಮೇಡಂ ಅಲುಗಿಸಿದರು.
ಪರದೆಯ ಮೇಲಿನವನ ಕೈಯಲ್ಲಿ ಬಟ್ಟಲೇ ಇಲ್ಲ.

ಹನ್ನೊಂದಕ್ಕೆ ಯಾರದೋ ಫೋನು ಮಿನುಗಿತು.
ಅರವತ್ತಾರು.
ಯಾರೂ ಏನೂ ಹೇಳಲಿಲ್ಲ. ಜುವೈನಾ ಪೆನ್ನಿನ ಮುಚ್ಚಳ ತೆಗೆದು
ಬೈಬ್ಯಾಕಿನ ಸಾಲಿನಲ್ಲಿ ಒಂದು ಸೊನ್ನೆ ಹೊಡೆದುಹಾಕಿದರು.
ಲಾಭಾಂಶವನ್ನು ಮುಟ್ಟಲಿಲ್ಲ. ಸಾಲದಲ್ಲಿ ಕಾಲುಭಾಗ ಮುಂದಕ್ಕೆ.
ಆಮೇಲೂ ಉಳಿದ ಕೊರತೆ ಎಲ್ಲಿಂದ?
ಮರಳುಗಾಡಿನ ಬಾವಿಗಳ ರಿಪೇರಿ ಖರ್ಚಿನಿಂದ,
ಇಲ್ಲಿ ಬಂದು ಕುರ್ಚಿ ಎಳೆದು ಕೂರಲಾರದವುಗಳಿಂದ.

ಲಿಫ್ಟಿನಲ್ಲಿ ದಾದ್ ಕರೀಮ್ ತಗ್ಗಿದ ದನಿಯಲ್ಲಿ ಕೇಳಿದ:
"ಈ ಸಲ ಎಷ್ಟು ಬೈಸಾ?"
ಅವನ ಹೆಸರಲ್ಲಿ ಎಂಟುನೂರು ಷೇರು.
ಹೇಳುವಂತಿರಲಿಲ್ಲ. ಬಾಗಿಲ ಮೇಲಿನ ಅಂಕಿ ಇಳಿಯುವುದನ್ನೇ ನೋಡಿದೆ,
ಐದು, ನಾಲ್ಕು.

ಅವನೇ ಹೇಳಿದ. ಬರ್ಕಾದಲ್ಲಿ ಅಪ್ಪನ ದೋಣಿ, ಐದು ಮಕ್ಕಳಿಗೆ ಐದು ಪಾಲು.
ಕಂಪನಿಯ ದುಡ್ಡು ಬಂದಾಗಲೆಲ್ಲ ಕೂಡಿಟ್ಟು
ತಮ್ಮಂದಿರ ಪಾಲನ್ನು ಒಂದೊಂದಾಗಿ ಕೊಂಡ.
ಈಗ ನಾಲ್ಕು ಅವನವೇ.
"ಹಾಗಾದರೆ ಮೀನೂ ನಾಲ್ಕುಪಟ್ಟು" ಅಂದೆ,
ಸ್ಲೈಡು ಹದಿನಾಲ್ಕರ ಭಾಷೆಯಲ್ಲಿ.

ನಕ್ಕ.
"ಪಾಲೇನೋ ದೊಡ್ಡದಾಯಿತು ಸಾರ್,
ಸಮುದ್ರಕ್ಕೆ ಅದು ಗೊತ್ತಿಲ್ಲ.
ಹೋದ ವರ್ಷಕ್ಕಿಂತ ದಿನಕ್ಕೊಂದು ಬುಟ್ಟಿ ಕಡಿಮೆ.
ದೋಣಿ ಸೋರುತ್ತಿದೆ, ಹಲಗೆ ಹಾಕಿಸಲು ದುಡ್ಡಿಲ್ಲ.
ಎಲ್ಲ ಪಾಲಿಗೇ ಹೋಯಿತು."

ಮಧ್ಯಾಹ್ನ ನಡಾವಳಿ ಬರೆಯಲು ಕೂತೆ.
ಬಾವಿಗಳ ವರದಿ ಮೇಜಿನ ಮೇಲೇ ಇತ್ತು, ಯಾರೂ ತೆರೆದಿರಲಿಲ್ಲ,
ಯಾರೋ ಅದರ ಮೇಲೆ ಬಟ್ಟಲಿಟ್ಟ ಕಂದು ಉಂಗುರ.
ಒಂದು ಪೀಪಾಯಿ ಎಣ್ಣೆಯೊಂದಿಗೆ ಮೇಲೆ ಬರುವ ನೀರು ಒಂಬತ್ತು ಪೀಪಾಯಿ.
ಹೋದ ವರ್ಷ ಎಂಟಿತ್ತು.
ಷೇರುದಾರರ ಪಟ್ಟಿಯಲ್ಲಿ ಹೆಸರಿಲ್ಲದ ಈ ಪಾಲಿಗೆ
ನನ್ನ ಭಾಷೆ ಎಂದೋ ಒಂದು ಪದ ಮಾಡಿಟ್ಟಿದೆ.
ಅದನ್ನು ಬರೆಯಲಿಲ್ಲ.
"ಸಮತೋಲಿತ ಹಂಚಿಕೆಗೆ ಮಂಡಳಿ ಸರ್ವಾನುಮತದಿಂದ ಒಪ್ಪಿತು"
ಎಂದು ಟೈಪು ಮಾಡಿದೆ, ಅವರ ಭಾಷೆಯಲ್ಲಿ.

ಟ್ಯಾಂಕರಿನ ಕೆಂಪು ಈಗ ಕಾಣುತ್ತಿಲ್ಲ.
ತುಂಬಿದೆ. ಹಗ್ಗ ಬಿಚ್ಚುತ್ತಿದ್ದಾರೆ.
ಪ್ಯಾಂಟ್ರಿಯಲ್ಲಿ ನಲ್ಲಿ ಬಿಟ್ಟ ಸದ್ದು,
ಬಟ್ಟಲುಗಳನ್ನು ಒಂದೊಂದಾಗಿ ತೊಳೆದು
ಬೋರಲು ಹಾಕುವ ಸದ್ದು.